ಕರ್ನಲ್‌ನೊಳಗಿನ ಹಳೆಯ ಫೈಲ್ ಸಿಸ್ಟಮ್ ಕೋಡನ್ನು ಹೊಸದಾಗಿಸುವ ಕ್ರಮ

ಲಿನಕ್ಸ್ ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಸ್ಥಿರವಾಗಿರುತ್ತವೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುವ ಪ್ರತಿ ಹೊಸ ಆವೃತ್ತಿಯಲ್ಲಿ ಅವುಗಳ ಹೆಸರು, ಅವು ಕೇಳುವ ಮಾಹಿತಿ, ಅವನ್ನು ಕರೆಯುವಾಗ ಹಿಡಿದಿರಬೇಕಾದ ಲಾಕ್‌ಗಳು ಬದಲಾಗಬಹುದು. ಡಿಸ್ಕ್ ಮೇಲೆ ಬರೆದ ಬೈಟ್‌ಗಳ ವಿಷಯ ಹಾಗಲ್ಲ: ಹದಿನೈದು ವರ್ಷಗಳ ಹಿಂದೆ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಇಂದಿನ ಕರ್ನಲ್‌ನಲ್ಲೂ ಮೌಂಟ್ ಆಗಬೇಕು, ಅದರಲ್ಲಿರುವ ಫೈಲ್‌ಗಳು ಇದ್ದ ಹಾಗೆಯೇ ಸಿಗಬೇಕು. ಫೈಲ್ ಸಿಸ್ಟಮ್ ಕೋಡ್ ಈ ಎರಡರ ನಡುವೆ ಇದೆ. ಕರ್ನಲ್ ಕಡೆಗಿರುವ ಅದರ ಮುಖವನ್ನು ಕಾಲಕಾಲಕ್ಕೆ ತಿದ್ದುತ್ತ, ಡಿಸ್ಕ್ ಕಡೆಗಿರುವ ಮುಖವನ್ನು ಒಂದು ಬಿಟ್‌ನಷ್ಟೂ ಅಲುಗಿಸದಿರುವುದೇ ನಿರ್ವಾಹಕರ ಕೆಲಸ. ಸಿ ಭಾಷೆ ಬಲ್ಲ, ಕರ್ನಲ್ ಅನ್ನು ಒಮ್ಮೆಯಾದರೂ ಸ್ವತಃ ಕಂಪೈಲ್ ಮಾಡಿರುವ ಓದುಗರಿಗಾಗಿ ಈ ಕ್ರಮವನ್ನು ಬರೆದಿದೆ. ಉದಾಹರಣೆಗಳೆಲ್ಲ ಲಿನಕ್ಸ್‌ನವು.

ಹಂತ 1: ಕೋಡಿನ ನಿಜಸ್ಥಿತಿಯನ್ನು ತಿಳಿಯಿರಿ

ಕರ್ನಲ್ ಮೂಲದ ಮೇಂಟೇನರ್ಸ್ ಎಂಬ ಫೈಲ್‌ನಲ್ಲಿ ಪ್ರತಿ ಭಾಗಕ್ಕೂ ಒಂದು ಸ್ಥಿತಿಸೂಚಕ ಪದವಿರುತ್ತದೆ. 'ಸಪೋರ್ಟೆಡ್', 'ಮೇಂಟೇನ್ಡ್', 'ಆಡ್ ಫಿಕ್ಸಸ್' (ಆಗೊಮ್ಮೆ ಈಗೊಮ್ಮೆ ದುರಸ್ತಿ), 'ಆರ್ಫನ್' (ನೋಡಿಕೊಳ್ಳುವವರಿಲ್ಲ), 'ಅಬ್ಸೊಲೀಟ್' (ಹಳತಾಗಿದೆ) ಎಂಬ ಈ ಪದಗಳನ್ನು ಓದಿ, ಆದರೆ ಅಷ್ಟಕ್ಕೇ ನಂಬಬೇಡಿ. ಆ ಡೈರೆಕ್ಟರಿಯ ಗಿಟ್ ಇತಿಹಾಸವನ್ನು ತೆರೆದು ಕಳೆದ ಐದು ವರ್ಷಗಳ ಕಮಿಟ್‌ಗಳನ್ನು ಎರಡು ರಾಶಿ ಮಾಡಿ: ಇಡೀ ಕರ್ನಲ್‌ನಲ್ಲಿ ಒಂದು ಫಂಕ್ಷನ್ ಬದಲಾದಾಗ ಎಲ್ಲ ಫೈಲ್ ಸಿಸ್ಟಮ್‌ಗಳ ಜೊತೆಗೆ ಇದೂ ಬದಲಾದವು ಒಂದು ರಾಶಿ, ಈ ಫೈಲ್ ಸಿಸ್ಟಮ್ ಬಳಸುವವರು ಕಂಡ ದೋಷವನ್ನು ಸರಿಪಡಿಸಿದವು ಇನ್ನೊಂದು ರಾಶಿ. ಮೊದಲ ರಾಶಿ ಎಷ್ಟೇ ದೊಡ್ಡದಿದ್ದರೂ ಅದು ಆ ಕೋಡ್ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಅವುಗಳಲ್ಲಿ ಹಲವು ಕಂಪೈಲ್ ಆಗುತ್ತವೆಯೇ ಎಂದಷ್ಟೇ ನೋಡಿ ಸೇರಿಸಿದವಾಗಿರುತ್ತವೆ. ಎರಡನೆಯ ರಾಶಿ ಖಾಲಿಯಿದ್ದರೆ ಈ ಲೇಖನದ ಕೊನೆಯ ಹಂತವನ್ನು ಮೊದಲು ಓದುವುದು ಒಳ್ಳೆಯದು.

ಹಂತ 2: ಡಿಸ್ಕ್ ಮೇಲಿನ ರೂಪವನ್ನು ಬರೆದಿಟ್ಟುಕೊಳ್ಳಿ

ಹಳೆಯ ಫೈಲ್ ಸಿಸ್ಟಮ್‌ಗಳಲ್ಲಿ ಡಿಸ್ಕ್ ಮೇಲಿನ ರಚನೆಗೆ ಸಿ ಸ್ಟ್ರಕ್ಟ್‌ಗಳೇ ದಾಖಲೆಯಾಗಿರುವುದುಂಟು. ಇಡೀ ಫೈಲ್ ಸಿಸ್ಟಮ್‌ನ ಮುಖ್ಯ ವಿವರವಿರುವ ಸೂಪರ್‌ಬ್ಲಾಕ್ ಎಲ್ಲಿ ಆರಂಭವಾಗುತ್ತದೆ, ಒಂದೊಂದು ಫೈಲ್‌ನ ವಿವರವಿರುವ ಐನೋಡ್ ಎಷ್ಟು ಬೈಟ್, ಡೈರೆಕ್ಟರಿಯ ಪ್ರತಿ ನಮೂದಿನ ಉದ್ದವನ್ನು ಎಲ್ಲಿ ಬರೆದಿದೆ, ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲ್ ಇದ್ದರೆ ಅದನ್ನು ಯಾವ ಕ್ರಮದಲ್ಲಿ ಮರುಓದಬೇಕು ಎಂಬುದನ್ನು ಪ್ರತ್ಯೇಕ ದಾಖಲೆಯಾಗಿ ಬರೆಯಿರಿ. ಡಿಸ್ಕ್‌ನ ಅಂಕಿಗಳನ್ನು ಹಿಡಿದಿಡುವ ಸದಸ್ಯಗಳಿಗೆ ಬೈಟ್‌ಗಳ ಕ್ರಮ ಲಿಟಲ್ ಎಂಡಿಯನ್ ಅಥವಾ ಬಿಗ್ ಎಂಡಿಯನ್ ಎಂದು ಸೂಚಿಸುವ ಟೈಪ್‌ಗಳನ್ನೇ ಕೊಟ್ಟು, ಕೋಡನ್ನು ನಡೆಸದೆಯೇ ಪರಿಶೀಲಿಸುವ ಸ್ಪಾರ್ಸ್ ಪರಿಕರವನ್ನು ಓಡಿಸಿದರೆ, ಪರಿವರ್ತನೆ ಮಾಡದೆ ನೇರವಾಗಿ ಬಳಸಿದ ಜಾಗಗಳೆಲ್ಲ ಎಚ್ಚರಿಕೆಗಳಾಗಿ ಹೊರಬೀಳುತ್ತವೆ.

ಮುಂದೆ ಎಂದಾದರೂ ಡಿಸ್ಕ್ ಮೇಲಿನ ರೂಪವನ್ನೇ ವಿಸ್ತರಿಸಬೇಕಾಗಿ ಬಂದರೆ, ಲಿನಕ್ಸ್‌ನ ಹಳೆಯ ಫೈಲ್ ಸಿಸ್ಟಮ್ ಆದ ಎಕ್ಸ್ಟ್2 ಕಾಲದಿಂದ ಬಂದಿರುವ ಮೂರು ಬಗೆಯ ವೈಶಿಷ್ಟ್ಯ ಸೂಚಕಗಳಿಗಿಂತ ಉತ್ತಮ ಮಾದರಿ ನನಗೆ ಕಂಡಿಲ್ಲ. ಮೊದಲನೆಯ ಬಗೆಯದು ಅಪರಿಚಿತವಾಗಿದ್ದರೂ ಹಳೆಯ ಕರ್ನಲ್ ಎಂದಿನಂತೆ ಮೌಂಟ್ ಮಾಡಬಹುದು. ಎರಡನೆಯ ಬಗೆಯದು ಅಪರಿಚಿತವಾಗಿದ್ದರೆ ಓದಬಹುದು, ಬರೆಯುವಂತಿಲ್ಲ. ಮೂರನೆಯ ಬಗೆಯದನ್ನು ಅರಿಯದ ಕರ್ನಲ್ ಮೌಂಟ್ ಮಾಡಲೇಬಾರದು. ಒಂದೇ ಆವೃತ್ತಿ ಸಂಖ್ಯೆಯನ್ನು ಏರಿಸುತ್ತ ಹೋಗುವ ವಿಧಾನದಲ್ಲಿ ಈ ಸೂಕ್ಷ್ಮ ವ್ಯತ್ಯಾಸಕ್ಕೆ ಎಡೆಯೇ ಇರುವುದಿಲ್ಲ. ಓದಲಾದರೂ ಬಿಡಬಹುದಾಗಿದ್ದ ಡಿಸ್ಕ್ ಅನ್ನು ಹಳೆಯ ಕರ್ನಲ್ ಪೂರ್ತಿಯಾಗಿ ತಿರಸ್ಕರಿಸಿಬಿಡುತ್ತದೆ.

ಇದೇ ಹಂತದಲ್ಲಿ ಹಳೆಯ ಡಿಸ್ಕ್ ಇಮೇಜ್‌ಗಳ ಒಂದು ಸಂಗ್ರಹವನ್ನು ಮಾಡಿಕೊಳ್ಳಿ. ಬೇರೆ ಬೇರೆ ಕಾಲದ ಫಾರ್ಮ್ಯಾಟ್ ಪರಿಕರಗಳಿಂದ, ಬೇರೆ ಬೇರೆ ಬ್ಲಾಕ್ ಗಾತ್ರಗಳಲ್ಲಿ ತಯಾರಿಸಿದ ಸಣ್ಣ ಇಮೇಜ್‌ಗಳು, ಪ್ರತಿಯೊಂದರ ಫೈಲ್‌ಗಳ ಚೆಕ್‌ಸಮ್ ಪಟ್ಟಿಯೊಡನೆ, ನಿಮ್ಮ ಬಳಿ ಇರಬೇಕು. ಇಂದಿನ ಪರಿಕರದಿಂದ ಇಂದೇ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮೇಲೆ ಮಾತ್ರ ಪರೀಕ್ಷಿಸಿದರೆ ಹಳೆಯ ಡಿಸ್ಕ್‌ಗಳ ಗತಿ ಏನಾಯಿತೆಂದು ತಿಳಿಯುವುದೇ ಇಲ್ಲ.

ಹಂತ 3: ಒಂದು ಸಾಲನ್ನೂ ಮುಟ್ಟುವ ಮೊದಲು ಪರೀಕ್ಷೆ

ಎಸ್‌ಜಿಐ ಸಂಸ್ಥೆಯಲ್ಲಿ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಾಗಿ ಹುಟ್ಟಿ, ಈಗ ಹಲವು ಫೈಲ್ ಸಿಸ್ಟಮ್‌ಗಳು ಬಳಸುವ ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾ ಸಮೂಹವೇ ಇಲ್ಲಿ ಮುಖ್ಯ ಆಧಾರ. ಅದಕ್ಕೆ ಎರಡು ಡಿಸ್ಕ್ ಬೇಕು: ಪರೀಕ್ಷೆಯಿಂದ ಪರೀಕ್ಷೆಗೆ ಹಳೆಯದಾಗುತ್ತ ಹೋಗುವ ಟೆಸ್ಟ್ ಡಿಸ್ಕ್ ಒಂದು, ಪದೇ ಪದೇ ಫಾರ್ಮ್ಯಾಟ್ ಆಗುವ ಸ್ಕ್ರ್ಯಾಚ್ ಡಿಸ್ಕ್ ಇನ್ನೊಂದು. ಇವನ್ನು ಕ್ವೆಮು ವರ್ಚುವಲ್ ಯಂತ್ರದಲ್ಲಿಯೇ ಇಟ್ಟುಕೊಳ್ಳಿ. ಕರ್ನಲ್ ಕುಸಿದಾಗ ನಿಮ್ಮ ಕೆಲಸದ ಯಂತ್ರ ಉಳಿದಿರಬೇಕಲ್ಲವೇ. ದಿನನಿತ್ಯಕ್ಕೆ 'ಕ್ವಿಕ್' ಗುಂಪು ಸಾಕು. ಪ್ಯಾಚ್ ಸರಣಿಯನ್ನು ಹೊರಗೆ ಕಳುಹಿಸುವ ಮುನ್ನ 'ಆಟೋ' ಗುಂಪನ್ನು ಪೂರ್ತಿಯಾಗಿ ಓಡಿಸಬೇಕು.

ಮೊದಲ ಓಟದಲ್ಲಿ ಬದಲಾಗದ ಕೋಡಿನಲ್ಲಿಯೇ ಕೆಲವು ಪರೀಕ್ಷೆಗಳು ಸೋಲುತ್ತವೆ. ಆ ಪಟ್ಟಿಯನ್ನು ದಿನಾಂಕ ಮತ್ತು ಕಮಿಟ್ ಸಂಖ್ಯೆಯೊಡನೆ ಉಳಿಸಿಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ಹೋಲಿಕೆಗೂ ಅದೇ ಆಧಾರರೇಖೆ. ಪರೀಕ್ಷಾ ಕರ್ನಲ್‌ನಲ್ಲಿ ಲಾಕ್‌ಗಳ ಕ್ರಮವನ್ನು ಕಾಯುವ ಲಾಕ್‌ಡೆಪ್ ಮತ್ತು ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದರೆ ಕೂಗಿ ಹೇಳುವ ಕೇಸ್ಯಾನ್ ಎರಡೂ ಚಾಲೂ ಇರಲಿ. ವೇಗ ಕುಗ್ಗುತ್ತದೆ, ಕುಗ್ಗಲಿ. ಬ್ಲಾಕ್ ಗಾತ್ರವನ್ನು 1 ಕಿಲೋಬೈಟ್ ಮಾಡಿಯೂ ಒಮ್ಮೆ ಓಡಿಸಿ. ಮೆಮೊರಿಯ ಒಂದು ಪೇಜಿನಲ್ಲಿ ಒಂದೇ ಬ್ಲಾಕ್ ಇರುತ್ತದೆಂದು ಯಾರೋ ಎಂದೋ ಮಾಡಿಕೊಂಡ ಊಹೆಗಳು ಬಯಲಾಗುವುದು ಅಲ್ಲಿಯೇ.

ವಿದ್ಯುತ್ ಹಠಾತ್ತನೆ ಹೋದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ನಿಜವಾದ ಡಿಸ್ಕ್‌ನ ಮೇಲೆ ಕೃತಕ ಡಿಸ್ಕ್ ಕಟ್ಟುವ ಡಿವೈಸ್ ಮ್ಯಾಪರ್‌ನಲ್ಲಿ ಟಾರ್ಗೆಟ್ ಎನ್ನುವ ಎರಡು ಬಗೆಗಳಿವೆ. ಫ್ಲೇಕಿ ಎಂಬುದು ಒಂದು ಹಂತದ ನಂತರದ ಬರಹಗಳನ್ನು ನುಂಗಿಬಿಡುತ್ತದೆ. ಲಾಗ್-ರೈಟ್ಸ್ ಎಂಬುದು ಡಿಸ್ಕಿಗೆ ಹೋದ ಪ್ರತಿ ಬರಹವನ್ನೂ ಕ್ರಮವಾಗಿ ದಾಖಲಿಸಿ, ಯಾವುದೇ ಕ್ಷಣದಲ್ಲಿ ಡಿಸ್ಕ್ ಹೇಗಿತ್ತೆಂಬುದನ್ನು ಮತ್ತೆ ಕಟ್ಟಿಕೊಡುತ್ತದೆ. ಹೀಗೆ ಕಟ್ಟಿದ ಪ್ರತಿ ಸ್ಥಿತಿಯ ಮೇಲೂ ಫೈಲ್ ಸಿಸ್ಟಮ್ ಸರಿಯಿದೆಯೇ ಎಂದು ಪರಿಶೀಲಿಸುವ ಎಫ್‌ಎಸ್‌ಸಿಕೆ ಓಡಿಸಿ ನೋಡಬೇಕು.

ಹಂತ 4: ಯಾಂತ್ರಿಕ ಬದಲಾವಣೆ ಬೇರೆ, ನಡವಳಿಕೆಯ ಬದಲಾವಣೆ ಬೇರೆ

ಒಂದು ಪ್ಯಾಚ್‌ನಲ್ಲಿ ಒಂದೇ ಕೆಲಸ ಎಂಬ ನಿಯಮ ಎಲ್ಲರಿಗೂ ಗೊತ್ತು, ಆದರೆ ಹಳೆಯ ಕೋಡಿನ ಎದುರು ಕೂತಾಗ ಅದನ್ನು ಪಾಲಿಸುವುದು ಕಷ್ಟ. ಹೆಸರು ಬದಲಿಸುವಾಗ ಪಕ್ಕದಲ್ಲೇ ಒಂದು ದೋಷ ಕಣ್ಣಿಗೆ ಬೀಳುತ್ತದೆ, ಅದನ್ನೂ ಸರಿಪಡಿಸಿಬಿಡೋಣ ಎನಿಸುತ್ತದೆ. ಮಾಡಬೇಡಿ. ಸಾವಿರ ಕಮಿಟ್‌ಗಳ ನಡುವೆ ದೋಷವನ್ನು ಹುಡುಕಲು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹೋಗುವ ಗಿಟ್ ಬೈಸೆಕ್ಟ್‌ಗೆ ಸುಮಾರು ಹತ್ತು ಕರ್ನಲ್‌ಗಳನ್ನು ಪರೀಕ್ಷಿಸಿದರೆ ಸಾಕು. ಆದರೆ ಅದು ಕೊನೆಗೆ ಬೆರಳು ತೋರಿಸುವ ಕಮಿಟ್‌ನಲ್ಲಿ ಎಂಟುನೂರು ಸಾಲುಗಳ ಹೆಸರು ಬದಲಾವಣೆಯೊಳಗೆ ಮೂರು ಸಾಲುಗಳ ನಡವಳಿಕೆಯ ಬದಲಾವಣೆ ಅಡಗಿದ್ದರೆ ಹುಡುಕಾಟ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಯಾಂತ್ರಿಕ ಬದಲಾವಣೆಗಳನ್ನು ಸಿ ಕೋಡನ್ನು ನಿಯಮದಂತೆ ತಾನಾಗಿ ತಿದ್ದುವ ಕಾಕ್ಸಿನೆಲ್ ಪರಿಕರದ ನಿಯಮವಾಗಿ ಬರೆದು, ಆ ನಿಯಮವನ್ನೇ ಕಮಿಟ್ ಸಂದೇಶದಲ್ಲಿ ಸೇರಿಸಿದರೆ ಪರಿಶೀಲಿಸುವವರು ನಿಯಮವೊಂದನ್ನು ಓದಿದರೆ ಸಾಕು.

ಈ ವಿಂಗಡಣೆಯ ಬೆಲೆ ಎಷ್ಟೆಂದು ತಿಳಿಯಲು ಐನೋಡ್ ಕೊನೆಯ ಬಾರಿ ಬದಲಾದ ಸಮಯವನ್ನು ಹಿಡಿದಿಡುವ ಸಿಟೈಮ್ ಸದಸ್ಯದ ಕತೆಯನ್ನು ನೋಡಬಹುದು. 6.6ನೇ ಆವೃತ್ತಿಯಲ್ಲಿ, ಆ ಸದಸ್ಯವನ್ನು ನೇರವಾಗಿ ಮುಟ್ಟುತ್ತಿದ್ದ ಎಲ್ಲ ಫೈಲ್ ಸಿಸ್ಟಮ್‌ಗಳನ್ನೂ ಕೆಲವು ಫಂಕ್ಷನ್‌ಗಳ ಮೂಲಕವೇ ಹೋಗುವಂತೆ ಬದಲಿಸಲಾಯಿತು. ನಡವಳಿಕೆಯಲ್ಲಿ ಏನೂ ಬದಲಾಗಲಿಲ್ಲ, ನೋಡಿದವರಿಗೆ ಬೇಸರದ ಕೆಲಸವೆನಿಸಿರಬಹುದು. ಆದರೆ 6.13ರಲ್ಲಿ, ಯಾರಾದರೂ ಸಮಯವನ್ನು ಕೇಳಿ ಹೋಗಿದ್ದರೆ ಮಾತ್ರ ಮುಂದಿನ ಬದಲಾವಣೆಗೆ ಹೆಚ್ಚು ಸೂಕ್ಷ್ಮ ಗಡಿಯಾರವನ್ನು ಬಳಸುವ ವ್ಯವಸ್ಥೆ ಬಂದಾಗ, ಅದರ ತಿರುಳನ್ನು ಆ ಫಂಕ್ಷನ್‌ಗಳ ಒಳಗೇ ಬರೆಯಲು ಸಾಧ್ಯವಾಯಿತು.

ಹಂತ 5: ಮೌಂಟ್, ಸಮಯ, ಮೆಮೊರಿ

ಆಧುನೀಕರಣವನ್ನು ಅಂಚಿನಿಂದ ಆರಂಭಿಸಿ ಒಳಕ್ಕೆ ಹೋಗಬೇಕೆಂಬುದು ನನ್ನ ನಿಲುವು, ಹಾಗಾಗಿ ಮೊದಲು ಮೌಂಟ್. ಹಳೆಯ ವಿಧಾನದಲ್ಲಿ ಎಲ್ಲ ಆಯ್ಕೆಗಳೂ ಒಂದು ಪೇಜಿನೊಳಗೆ ಹಿಡಿಯುವ ಒಂದೇ ಸ್ಟ್ರಿಂಗ್ ಆಗಿ ಬರುತ್ತಿದ್ದವು. 2019ರಲ್ಲಿ 5.2ನೇ ಆವೃತ್ತಿಯೊಡನೆ ಬಂದ ಹೊಸ ಸಿಸ್ಟಮ್ ಕಾಲ್‌ಗಳಲ್ಲಿ ಪ್ರತಿ ಆಯ್ಕೆಯೂ ಬೇರೆಬೇರೆಯಾಗಿ ಬರುತ್ತದೆ. ಫೈಲ್ ಸಿಸ್ಟಮ್ ತನ್ನ ಆಯ್ಕೆಗಳ ಪಟ್ಟಿಯೊಂದನ್ನು ಕೊಟ್ಟು, ಮೌಂಟ್ ಆಗುವವರೆಗಿನ ಸ್ಥಿತಿಯನ್ನು ಕಾಂಟೆಕ್ಸ್ಟ್ ಎಂಬ ರಚನೆಯಲ್ಲಿ ಇಟ್ಟುಕೊಳ್ಳುತ್ತದೆ. ಕೆಲಸ ಸುಲಭ, ಆದರೆ ರಿಮೌಂಟ್‌ನಲ್ಲಿ, ಅಂದರೆ ಮೌಂಟ್ ಆಗಿರುವಾಗಲೇ ಆಯ್ಕೆ ಬದಲಿಸುವಲ್ಲಿ, ಒಂದು ಹೊಂಡವಿದೆ. ಬಳಕೆದಾರರು ಒಂದೇ ಆಯ್ಕೆಯನ್ನು ಬದಲಿಸಿದಾಗ ಉಳಿದವು ಇದ್ದಂತೆಯೇ ಇರಬೇಕಾದರೆ, ಕಾಂಟೆಕ್ಸ್ಟ್ ಅನ್ನು ಖಾಲಿಯಿಂದ ಅಲ್ಲ, ಈಗಿನ ಸೂಪರ್‌ಬ್ಲಾಕ್‌ನ ಮೌಲ್ಯಗಳಿಂದ ತುಂಬಿಸಿ ಆರಂಭಿಸಬೇಕು. ಇದನ್ನು ಬಿಟ್ಟರೆ ಓದಲು ಮಾತ್ರ ಎಂದು ರಿಮೌಂಟ್ ಮಾಡಿದಾಗ ಬೇರೆ ಆಯ್ಕೆಗಳು ಸದ್ದಿಲ್ಲದೆ ಪೂರ್ವನಿಯೋಜಿತ ಮೌಲ್ಯಕ್ಕೆ ಮರಳಿಬಿಡುತ್ತವೆ.

ಸಮಯದ ಪ್ರಶ್ನೆಗೆ ಗಡುವು ಇದೆ. 32 ಬಿಟ್‌ಗಳ ಚಿಹ್ನೆಸಹಿತ ಸೆಕೆಂಡ್ ಎಣಿಕೆ 2038ರ ಜನವರಿ 19ರಂದು ಮುಗಿಯುತ್ತದೆ. ಕರ್ನಲ್‌ನ ಒಳಗೆ 64 ಬಿಟ್ ಸಮಯವಿದ್ದರೂ ಡಿಸ್ಕ್ ಮೇಲೆ ಜಾಗವಿಲ್ಲದಿದ್ದರೆ ಪ್ರಯೋಜನವಿಲ್ಲ. ಎಕ್ಸ್ಟ್4ರಲ್ಲಿ 256 ಬೈಟ್‌ನ ಐನೋಡ್ ಇದ್ದರೆ ಹೆಚ್ಚುವರಿ ಬಿಟ್‌ಗಳಿಂದ 2446ರವರೆಗೆ ನಡೆಯುತ್ತದೆ, 128 ಬೈಟ್‌ನದಾದರೆ 2038ಕ್ಕೇ ನಿಲ್ಲುತ್ತದೆ. ಎಕ್ಸ್‌ಎಫ್‌ಎಸ್ ಕರ್ನಲ್‌ನ 5.10ರಲ್ಲಿ ಬಿಗ್‌ಟೈಮ್ ಎಂಬ ವೈಶಿಷ್ಟ್ಯವನ್ನು ಸೇರಿಸಿ 2486ರವರೆಗೆ ಸಾಗಿತು. ನಿಮ್ಮ ಫೈಲ್ ಸಿಸ್ಟಮ್‌ನ ಮಿತಿ ಏನೇ ಇರಲಿ, ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸೂಪರ್‌ಬ್ಲಾಕ್ ರಚನೆಯಲ್ಲಿ ಕನಿಷ್ಠ ಮತ್ತು ಗರಿಷ್ಠ ಸಮಯಗಳನ್ನು ನಮೂದಿಸಿ. ಆಗ ಮಿತಿ ಮೀರಿದ ಸಮಯವನ್ನು ಕರ್ನಲ್ ಗಡಿಗೇ ನಿಲ್ಲಿಸುತ್ತದೆ. ನಮೂದಿಸದಿದ್ದರೆ ಅದು ಸುತ್ತು ಹಾಕಿ 1901ಕ್ಕೆ ಹೋಗಿ ಕೂರಬಹುದು.

ಮೆಮೊರಿಯ ವಿಷಯ ಇನ್ನೂ ಸೂಕ್ಷ್ಮ. ಫೈಲ್ ಸಿಸ್ಟಮ್ ತನ್ನ ಲಾಕ್ ಹಿಡಿದುಕೊಂಡು ಮೆಮೊರಿ ಕೇಳಿದಾಗ, ಮೆಮೊರಿ ಸಾಲದೆ ಬಂದರೆ ಕರ್ನಲ್ ಅದೇ ಫೈಲ್ ಸಿಸ್ಟಮ್‌ಗೆ ಮರಳಿ ಬಂದು ಜಾಗ ಬಿಡಿಸಿಕೊಡು ಎನ್ನಬಹುದು. ಆಗ ಅದು ತಾನೇ ಹಿಡಿದ ಲಾಕ್‌ಗಾಗಿ ತಾನೇ ಕಾಯುತ್ತ ನಿಂತುಬಿಡುತ್ತದೆ. ಇದನ್ನು ತಪ್ಪಿಸಲು ಹಳೆಯ ಕೋಡಿನಲ್ಲಿ ನೋಎಫ್‌ಎಸ್ ಎಂಬ ಸೂಚನೆಯನ್ನು ಪ್ರತಿ ಬೇಡಿಕೆಗೂ ಅಂಟಿಸಿರುತ್ತಾರೆ, ಬೇಕಿಲ್ಲದ ಕಡೆಯೂ. 2017ರಿಂದ ಇರುವ ಮಾರ್ಗದಲ್ಲಿ, ಅಪಾಯದ ವಲಯ ಆರಂಭವಾಗುವಲ್ಲಿ ಒಮ್ಮೆ ಗುರುತು ಹಾಕಿ ಮುಗಿಯುವಲ್ಲಿ ತೆಗೆದರೆ ಸಾಕು, ನಡುವಿನ ಬೇಡಿಕೆಗಳೆಲ್ಲ ತಾವಾಗಿಯೇ ಎಚ್ಚರ ವಹಿಸುತ್ತವೆ. ಜರ್ನಲ್ ಇರುವ ಫೈಲ್ ಸಿಸ್ಟಮ್‌ಗಳಲ್ಲಿ ಆ ವಲಯ ಸಾಮಾನ್ಯವಾಗಿ ಒಂದು ಟ್ರಾನ್ಸಾಕ್ಷನ್‌ನ ಆರಂಭ ಮತ್ತು ಅಂತ್ಯವೇ ಆಗಿರುತ್ತದೆ.

ಹಂತ 6: ಪೇಜ್‌ನಿಂದ ಫೋಲಿಯೊಗೆ

ಅತಿ ಹೆಚ್ಚು ಶ್ರಮ ಬೇಡುವ ಭಾಗವಿದು. ಫೈಲ್‌ಗಳ ದತ್ತಾಂಶವನ್ನು ಮೆಮೊರಿಯಲ್ಲಿ ಹಿಡಿದಿಡುವ ಪೇಜ್ ಕ್ಯಾಶ್ ದೀರ್ಘಕಾಲ, ಸಾಮಾನ್ಯವಾಗಿ 4096 ಬೈಟ್‌ಗಳ ಪೇಜ್‌ಗಳ ಲೆಕ್ಕದಲ್ಲಿಯೇ ನಡೆದಿತ್ತು. ಹಲವು ಪೇಜ್‌ಗಳನ್ನು ಒಟ್ಟುಗೂಡಿಸಿದಾಗ, ಕೈಗೆ ಬಂದ ಪೇಜ್ ಆ ಗುಂಪಿನ ತಲೆಯೋ (ಮೊದಲ ಪೇಜೋ) ಬಾಲವೋ (ಉಳಿದವುಗಳಲ್ಲೊಂದೋ) ಎಂದು ಪ್ರತಿ ಫಂಕ್ಷನ್ ತಾನೇ ಪರಿಶೀಲಿಸಬೇಕಿತ್ತು. 2022ರ ಜನವರಿಯಲ್ಲಿ 5.16ರೊಡನೆ ಬಂದ ಫೋಲಿಯೊ ಈ ಗೊಂದಲವನ್ನು ಟೈಪ್ ಮಟ್ಟದಲ್ಲಿಯೇ ಬಿಡಿಸಿತು: ಫೋಲಿಯೊ ಎಂದರೆ ಎಂದಿಗೂ ಬಾಲವಲ್ಲ, ಅದು ಒಂದು ಪೇಜಿನಷ್ಟೂ ಇರಬಹುದು, ಹಲವು ಪೇಜುಗಳಷ್ಟೂ ಇರಬಹುದು. ದೊಡ್ಡ ಫೋಲಿಯೊಗಳನ್ನು ಎಕ್ಸ್‌ಎಫ್‌ಎಸ್ 5.18ರಲ್ಲಿ ಬಳಸಲಾರಂಭಿಸಿತು.

ಪರಿವರ್ತನೆಯ ಮೊದಲ ಸುತ್ತಿನಲ್ಲಿ ಹೆಸರುಗಳನ್ನಷ್ಟೇ ಬದಲಿಸಿ, ಗಾತ್ರ ಒಂದೇ ಪೇಜ್ ಆಗಿ ಉಳಿಯಲಿ. ಎರಡನೆಯ ಸುತ್ತಿನಲ್ಲಿ ಪೇಜ್ ಗಾತ್ರದ ಸ್ಥಿರಾಂಕವನ್ನು ಬಳಸಿದ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಇಲ್ಲಿ ಹೇಳಬೇಕಾದದ್ದು ಯಂತ್ರದ ಪೇಜ್ ಗಾತ್ರವೋ, ಈ ಫೋಲಿಯೊದ ಗಾತ್ರವೋ, ಫೈಲ್ ಸಿಸ್ಟಮ್‌ನ ಬ್ಲಾಕ್ ಗಾತ್ರವೋ? ಮೂರೂ 4096 ಆಗಿದ್ದಷ್ಟು ಕಾಲ ಯಾರು ಯಾವುದನ್ನು ಬರೆದರೂ ನಡೆಯುತ್ತಿತ್ತು. ಹೆಚ್ಚು ಮೆಮೊರಿಯಿರುವ 32 ಬಿಟ್ ಯಂತ್ರಗಳಲ್ಲಿ ಒಂದು ಮ್ಯಾಪಿಂಗ್‌ನಿಂದ ಒಂದೇ ಪೇಜ್ ಕಾಣುತ್ತದೆ ಎಂಬುದನ್ನೂ ಮರೆಯಬಾರದು. ಇಡೀ ಫೋಲಿಯೊ ಒಮ್ಮೆಗೇ ಕಣ್ಣೆದುರಿದೆ ಎಂದು ಬರೆದ ಲೂಪ್ ಅಲ್ಲಿ ಬೇರೆಯವರ ಮೆಮೊರಿಯನ್ನು ಕೆಡಿಸುತ್ತದೆ. ಇವೆಲ್ಲ ಮುಗಿದು ಪರೀಕ್ಷೆಗಳು ಆಧಾರರೇಖೆಗೆ ಸರಿಹೊಂದಿದ ಮೇಲೆ ಮಾತ್ರ ದೊಡ್ಡ ಫೋಲಿಯೊಗಳಿಗೆ ಅನುಮತಿ ಕೊಡುವ ಆ ಒಂದು ಸಾಲನ್ನು, ಪ್ರತ್ಯೇಕ ಪ್ಯಾಚ್ ಆಗಿ, ಸೇರಿಸಿ. ತೊಂದರೆಯಾದರೆ ಅದೊಂದನ್ನೇ ಹಿಂತೆಗೆದುಕೊಳ್ಳಬಹುದು.

ಮುಂದಿನದು, ಒಂದೊಂದು ಬ್ಲಾಕ್‌ನ ಲೆಕ್ಕವಿಡುವ ಹಳೆಯ ಬಫರ್ ಹೆಡ್‌ನಿಂದ ಐಒಮ್ಯಾಪ್‌ಗೆ ಹೋಗುವ ಪ್ರಶ್ನೆ. ಬಫರ್ ಹೆಡ್ ದಾರಿಯಲ್ಲಿ ಕರ್ನಲ್ ಬರೆಯುವಾಗ ಪ್ರತಿ ಬ್ಲಾಕ್‌ಗೂ 'ಇದು ಡಿಸ್ಕ್‌ನಲ್ಲಿ ಎಲ್ಲಿದೆ' ಎಂದು ಕೇಳುತ್ತದೆ. 4 ಕಿಲೋಬೈಟ್ ಬ್ಲಾಕ್‌ನಲ್ಲಿ 1 ಮೆಗಾಬೈಟ್ ಬರೆಯಲು ಅದು 256 ಪ್ರಶ್ನೆ. 2016ರಲ್ಲಿ 4.8ರೊಡನೆ, ಎಕ್ಸ್‌ಎಫ್‌ಎಸ್ ಅನುಭವದಿಂದ ಬಂದ ಐಒಮ್ಯಾಪ್‌ನಲ್ಲಿ ಫೈಲ್ ಸಿಸ್ಟಮ್ 'ಇಲ್ಲಿಂದ ಇಷ್ಟು ಉದ್ದದವರೆಗೆ ಡಿಸ್ಕ್‌ನ ಇಂಥ ಜಾಗದಲ್ಲಿದೆ' ಎಂದು ಒಂದೇ ಉತ್ತರ ಕೊಡುತ್ತದೆ, ಅದು ಖಾಲಿ ರಂಧ್ರವೇ, ಕಾದಿರಿಸಿ ಇನ್ನೂ ಬರೆಯದ ಜಾಗವೇ ಎಂಬುದನ್ನೂ ಹೇಳುತ್ತದೆ. ಪೇಜ್ ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕ್‌ಗೆ ಹೋಗುವ ಡೈರೆಕ್ಟ್ ಐಒ ಮೊದಲು, ಬಳಿಕ ಸಾಮಾನ್ಯ ಓದು, ಕೊನೆಗೆ ಸಾಮಾನ್ಯ ಬರಹ, ಈ ಕ್ರಮದಲ್ಲಿ ಹೋದರೆ ಪ್ರತಿ ಮೆಟ್ಟಿಲಿನಲ್ಲೂ ನಿಂತು ಪರೀಕ್ಷಿಸಬಹುದು. ಹಾಗೆಂದು ಎಲ್ಲ ಫೈಲ್ ಸಿಸ್ಟಮ್‌ಗಳೂ ಇತ್ತ ಬರಲೇಬೇಕೆಂದಿಲ್ಲ. ಎಕ್ಸ್ಟ್4 ಡೈರೆಕ್ಟ್ ಐಒವನ್ನು ಐಒಮ್ಯಾಪ್‌ಗೆ ಒಯ್ದ ನಂತರವೂ ಸಾಮಾನ್ಯ ಬರಹವನ್ನು ವರ್ಷಗಟ್ಟಲೆ ಬಫರ್ ಹೆಡ್‌ನಲ್ಲೇ ಇಟ್ಟುಕೊಂಡಿತು. ಅಪರೂಪಕ್ಕೆ ಓದಲು ಮಾತ್ರ ಬಳಸುವ ಸಣ್ಣ ಫೈಲ್ ಸಿಸ್ಟಮ್‌ಗೆ ಈ ಶ್ರಮ ದಂಡ ಎಂದೇ ನನ್ನ ಅಭಿಪ್ರಾಯ.

ಹಂತ 7: ಡಿಸ್ಕ್‌ನಿಂದ ಬಂದದ್ದನ್ನು ನಂಬಬೇಡಿ

ಹಳೆಯ ಕೋಡ್ ಬರೆದ ಕಾಲದಲ್ಲಿ ಡಿಸ್ಕ್ ನಮ್ಮದೇ, ಅದರಲ್ಲಿರುವುದು ನಾವೇ ಬರೆದದ್ದು ಎಂಬ ಭಾವವಿತ್ತು. ಈಗ ಯುಎಸ್‌ಬಿ ಕಡ್ಡಿಯಲ್ಲಿ ಯಾರು ಏನು ಬರೆದಿದ್ದಾರೋ ಗೊತ್ತಿಲ್ಲ. ಸಿಜ್‌ಬಾಟ್ ಎಂಬ ಸ್ವಯಂಚಾಲಿತ ವ್ಯವಸ್ಥೆ ಬೇಕೆಂದೇ ಕೆಡಿಸಿದ ಇಮೇಜ್‌ಗಳನ್ನು ಮೌಂಟ್ ಮಾಡುತ್ತ ಕರ್ನಲ್ ಅನ್ನು ಬೀಳಿಸುವ ದಾರಿಗಳನ್ನು ಹುಡುಕುತ್ತಲೇ ಇರುತ್ತದೆ. ಡೈರೆಕ್ಟರಿ ನಮೂದಿನ ಉದ್ದ ಸೊನ್ನೆ ಎಂದಿದ್ದರೆ ಮುಂದಿನ ನಮೂದಿಗೆ ಹಾರುವ ಲೂಪ್ ನಿಂತಲ್ಲೇ ಸುತ್ತುತ್ತದೆ. ಬ್ಲಾಕ್ ಸಂಖ್ಯೆ ಡಿಸ್ಕ್‌ನ ಗಾತ್ರವನ್ನು ಮೀರಿದ್ದರೆ, ಐನೋಡ್ ತನ್ನ ಕೊಂಡಿಗಳ ಎಣಿಕೆ ಸೊನ್ನೆ ಎಂದುಕೊಂಡೇ ಡೈರೆಕ್ಟರಿಯಲ್ಲಿ ಕಾಣಿಸಿಕೊಂಡರೆ, ಹೀಗೆ ಪ್ರತಿ ಸದಸ್ಯವನ್ನೂ ಮೊದಲ ಬಾರಿ ಓದಿದಲ್ಲಿಯೇ ಪರೀಕ್ಷಿಸಬೇಕು. ಬಗ್-ಆನ್ ಹಾಕಿ ಕರ್ನಲ್ ನಿಲ್ಲಿಸುವ ಸಾಲುಗಳಿದ್ದರೆ ಅವನ್ನು ತೆಗೆದು, ಫೈಲ್ ಸಿಸ್ಟಮ್ ಕೆಟ್ಟಿದೆ ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸಿ. ಆದರೆ ಹೊಸ ಪರಿಶೀಲನೆಯೊಂದನ್ನು ಸೇರಿಸಿದಾಗಲೆಲ್ಲ ಎರಡನೆಯ ಹಂತದ ಇಮೇಜ್ ಸಂಗ್ರಹವನ್ನು ಮೌಂಟ್ ಮಾಡಿ ನೋಡಿ. ಹಳೆಯ ಫಾರ್ಮ್ಯಾಟ್ ಪರಿಕರವೊಂದು ಖಾಲಿ ಬಿಡಬೇಕಾದ ಜಾಗದಲ್ಲಿ ಕಸ ಬಿಟ್ಟಿದ್ದರೆ, ನಿಮ್ಮ ಕಟ್ಟುನಿಟ್ಟು ಯಾರದೋ ಆರೋಗ್ಯವಂತ ಡಿಸ್ಕ್ ಅನ್ನು ಹೊರಗೆ ನಿಲ್ಲಿಸುತ್ತದೆ.

ಬಳಕೆದಾರರ ಪ್ರೋಗ್ರಾಮ್‌ಗಳ ನಿರೀಕ್ಷೆಯೂ ಇಷ್ಟೇ ಗಟ್ಟಿಯಾದದ್ದು. ಎಕ್ಸ್ಟ್4 ಹೊಸದಾಗಿದ್ದ 2009ರಲ್ಲಿ, ಬ್ಲಾಕ್ ಹಂಚಿಕೆಯನ್ನು ತಡಮಾಡುವ ಅದರ ವಿಧಾನದಿಂದಾಗಿ, ಎಫ್‌ಸಿಂಕ್ ಮಾಡದೆ, ಅಂದರೆ ಬರೆದದ್ದು ಡಿಸ್ಕ್ ಸೇರಿತೆಂದು ಖಚಿತಪಡಿಸಿಕೊಳ್ಳದೆ, ಫೈಲನ್ನು ಬರೆದು ಮರುಹೆಸರಿಸುತ್ತಿದ್ದ ಪ್ರೋಗ್ರಾಮ್‌ಗಳ ಫೈಲ್‌ಗಳು ಯಂತ್ರ ಕುಸಿದ ನಂತರ ಸೊನ್ನೆ ಬೈಟ್ ಆಗಿ ಸಿಗುತ್ತಿದ್ದವು. ನಿಯಮದ ಪ್ರಕಾರ ತಪ್ಪು ಪ್ರೋಗ್ರಾಮ್‌ಗಳದ್ದೇ. ಆದರೂ ಬದಲಾದದ್ದು ಕರ್ನಲ್: ಹೀಗೆ ಮರುಹೆಸರಿಸುವಾಗ ಹಂಚಿಕೆಯನ್ನು ಬೇಗ ಮಾಡುವ ವ್ಯವಸ್ಥೆಯನ್ನು ಸೇರಿಸಲಾಯಿತು.

ಹಂತ 8: ಹಳೆಯ ಸ್ಥಿರ ಆವೃತ್ತಿಗಳಿಗೆ ಕಳುಹಿಸುವುದು

ದೋಷ ಪರಿಹಾರದ ಪ್ಯಾಚ್‌ನಲ್ಲಿ, ದೋಷವನ್ನು ತಂದ ಕಮಿಟ್ ಗುರುತಿನ ಮೊದಲ ಹನ್ನೆರಡು ಅಕ್ಷರಗಳನ್ನು ಫಿಕ್ಸಸ್ ಸಾಲಿನಲ್ಲಿ ಬರೆಯಿರಿ. ಸ್ಥಿರ ಆವೃತ್ತಿಗಳಿಗೆ ಹೋಗುವ ಪರಿಹಾರ ಸುತ್ತಲಿನ ಸಾಲುಗಳೂ ಸೇರಿ ನೂರು ಸಾಲು ಮೀರಬಾರದೆಂಬುದು ನಿಯಮ. ಆದ್ದರಿಂದ ಸರಣಿಯಲ್ಲಿ ಪರಿಹಾರಗಳು ಮೊದಲು ಬರಲಿ, ಆಧುನೀಕರಣ ನಂತರ. ಫೋಲಿಯೊ ಪರಿವರ್ತನೆಯ ಮೇಲೆ ಕಟ್ಟಿದ ಪರಿಹಾರ ಹಳೆಯ ಆವೃತ್ತಿಗೆ ಅಂಟುವುದಿಲ್ಲ.

ಹಂತ 9: ತೆಗೆದುಹಾಕುವುದೂ ನಿರ್ವಹಣೆಯೇ

ಎಕ್ಸ್ಟ್3 ಡ್ರೈವರ್ ಅನ್ನು 2015ರಲ್ಲಿ 4.3ರಿಂದ ತೆಗೆದಾಗ ಯಾರ ಡಿಸ್ಕೂ ಕೈತಪ್ಪಲಿಲ್ಲ, ಎಕ್ಸ್ಟ್4 ಡ್ರೈವರೇ ಆ ರೂಪವನ್ನು ಓದಿ ಬರೆಯಬಲ್ಲದು. ರೈಸರ್‌ಎಫ್‌ಎಸ್‌ಗೆ ಅಂಥ ಉತ್ತರಾಧಿಕಾರಿ ಇರಲಿಲ್ಲ. ಅದನ್ನು 2022ರಲ್ಲಿ 5.18ರಲ್ಲಿ ಬಳಕೆಗೆ ತಕ್ಕುದಲ್ಲವೆಂದು ಘೋಷಿಸಿ, 2025ರ ಜನವರಿಯಲ್ಲಿ ಬಿಡುಗಡೆಯಾದ 6.13ರಲ್ಲಿ ತೆಗೆಯಲಾಯಿತು. ಎಕ್ಸ್‌ಎಫ್‌ಎಸ್‌ನ ಹಳೆಯ ನಾಲ್ಕನೆಯ ರೂಪಕ್ಕೆ ಕೊಟ್ಟಿರುವ ಗಡುವು 2030ರ ಸೆಪ್ಟೆಂಬರ್.

ಇವುಗಳಿಂದ ಕ್ರಮವನ್ನು ಕಲಿಯಬಹುದು. ಕಾನ್ಫಿಗ್ ವಿವರಣೆಯಲ್ಲಿ ತೆಗೆಯುವ ವರ್ಷವನ್ನು ಬರೆಯಿರಿ. ಕಾನ್ಫಿಗ್ ಓದದ ಬಳಕೆದಾರರಿಗಾಗಿ ಪ್ರತಿ ಮೌಂಟ್‌ನಲ್ಲೂ ಲಾಗ್‌ಗೆ ಅದೇ ಎಚ್ಚರಿಕೆಯನ್ನು ಹಾಕಿ. ದೀರ್ಘ ಬೆಂಬಲದ ಕರ್ನಲ್ ಒಂದರಲ್ಲಾದರೂ ಆ ಎಚ್ಚರಿಕೆ ಹೊರಗೆ ಹೋಗಿರುವಂತೆ ಕಾಲವನ್ನು ಲೆಕ್ಕಹಾಕಿ. ದತ್ತಾಂಶವನ್ನು ಹೊರತೆಗೆಯುವ ದಾರಿಯನ್ನೂ ಹೇಳಬೇಕು: ಆ ಎಚ್ಚರಿಕೆಯ ಕರ್ನಲ್‌ನ ವರ್ಚುವಲ್ ಯಂತ್ರ ಒಂದು ದಾರಿ, ಕರ್ನಲ್‌ನ ಹೊರಗೆ ಫೈಲ್ ಸಿಸ್ಟಮ್ ನಡೆಸಲು ಬಿಡುವ ಫ್ಯೂಸ್ ಮೂಲಕ ಓದಲು ಮಾತ್ರ ಬರುವ ಚಿಕ್ಕ ಪ್ರೋಗ್ರಾಮ್ ಇನ್ನೊಂದು. ತೆಗೆಯುವ ಪ್ಯಾಚ್‌ನಲ್ಲಿ ಡೈರೆಕ್ಟರಿ, ಕಾನ್ಫಿಗ್, ದಾಖಲೆ, ಪೂರ್ವನಿಯೋಜಿತ ಕಾನ್ಫಿಗ್ ಫೈಲ್‌ಗಳಲ್ಲಿನ ಸಾಲುಗಳು, ಮೇಂಟೇನರ್ಸ್ ನಮೂದು ಎಲ್ಲವೂ ಹೋಗಲಿ. ಬಳಕೆದಾರರ ಪ್ರೋಗ್ರಾಮ್‌ಗಳಿಗಾಗಿ ಇರುವ ಹೆಡರ್‌ನಲ್ಲಿ ಆ ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ ಇದ್ದರೆ ಅದನ್ನು ಮಾತ್ರ ಉಳಿಸಿ, ಏಕೆಂದರೆ ಅದನ್ನು ನೆಚ್ಚಿ ಕಂಪೈಲ್ ಆಗುವ ಪರಿಕರಗಳು ಹೊರಗೆ ಇನ್ನೂ ಇರುತ್ತವೆ.